ಕಾಲಿಗಾಗಿ ಆದ ದಾರಿ, ಗಾಲಿಗೆ ಸಿಕ್ಕಾಗ

ದಾರಿಕಥೆ | 1/7

ಮೊದಲನೇ ಫೋಟೋ ಸ್ವಲ್ಪ ಹೊತ್ತು ನೋಡಿ, ಆಮೇಲೆ ಓದಿ. ಒಂದು ಕಾರು ಹಿಡಿಸುವಷ್ಟೇ ಅಗಲದ ಟಾರು ರಸ್ತೆ. ಎರಡೂ ಕಡೆ ಜರಿಗಿಡ, ಕಲ್ಲು, ಅಲ್ಲಲ್ಲಿ ಕುರಿ. ಮೇಲೆ ಹೋಗ್ತಾ ಹೋಗ್ತಾ ರಸ್ತೆ ಮಡಚಿಕೊಂಡು ಮೋಡದೊಳಗೆ ಮಾಯ. ಇದು ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ನಲ್ಲಿರುವ ಹಾರ್ಡ್‌ನಾಟ್ ಪಾಸ್. ಪಾಸ್ ಅಂದ್ರೆ ನಮ್ಮ ಲೆಕ್ಕದಲ್ಲಿ ಘಾಟಿ, ಅಷ್ಟೇ. ಎತ್ತರ ಏನೂ ಇಲ್ಲ, ಬರೀ 393 ಮೀಟರ್. ಬೆಂಗಳೂರು ಇದರ ಎರಡರಷ್ಟು ಎತ್ತರದಲ್ಲಿದೆ! ಆದರೆ ಏರಿನ ಕಡಿದಾದ ಜಾಗದಲ್ಲಿ ಇಳಿಜಾರು 33%. ಮೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಹೋಗಿರುತ್ತೀರಿ. ಬೆಂಗಳೂರಿನ ಸೈಕಲ್ ಗೆಳೆಯರಿಗೆ ಒಂದು ಅಂದಾಜು ಕೊಡೋಣ: ನಿಮ್ಮ ಭಾನುವಾರದ ನಂದಿಬೆಟ್ಟ ಸರಾಸರಿ 5–6%.

ಈ ಏರನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಸಾವಿರಾರು ಹವ್ಯಾಸಿಗಳು ಸೈಕಲ್‌ನಲ್ಲಿ ಹತ್ತುತ್ತಾರೆ. ಅದೂ ಸುಮಾರು 160 ಕಿಲೋಮೀಟರ್ ತುಳಿದು ಬಂದ ಮೇಲೆ. ಅದರ ಹೆಸರು ಫ್ರೆಡ್ ವಿಟನ್ ಚಾಲೆಂಜ್. ಒಟ್ಟು 112 ಮೈಲಿ, ಅಂದ್ರೆ 180 ಕಿಮೀ.

ಇದನ್ನು ಯಾಕೆ ಎತ್ತಿಕೊಂಡೆ ಅಂದ್ರೆ, ಹೋದ ಸಲದ ಪೋಸ್ಟ್ ಓದಿದ ಒಬ್ಬರು ಮೆಸೇಜ್ ಮಾಡಿದ್ರು. “ಬೆಟ್ಟದ ಕೊನೇ ಒಂದು ಕಿಲೋಮೀಟರ್ ಇಳಿದು ನೂಕಿಕೊಂಡು ಹೋದೆ. ಮನೇಲಿ, ಗುಂಪಲ್ಲಿ ಯಾರಿಗೂ ಹೇಳಿಲ್ಲ” ಅಂತ. ಆ ಮಾತು ತಲೇಲಿ ಉಳೀತು. ಇಳಿದು ನೂಕೋದು ನಾಚಿಕೆ ಅಂತ ಯಾವಾಗಿಂದ ಆಯ್ತು? ಅದಕ್ಕೆ ಉತ್ತರ ಹುಡುಕಿದರೆ ಹಾರ್ಡ್‌ನಾಟ್‌ಗೇ ಹೋಗಿ ನಿಲ್ಲಬೇಕಾಗುತ್ತೆ.

ದಾರಿಕಥೆ | 2/7

ಮೊದಲು ಫ್ರೆಡ್ ಯಾರು ಅಂತ ಹೇಳಿಬಿಡ್ತೀನಿ. ಹೆಸರು ಕೇಳಿದರೆ ದೊಡ್ಡ ಚಾಂಪಿಯನ್ ಇರಬೇಕು ಅನಿಸುತ್ತೆ. ಅಲ್ಲ. ಫ್ರೆಡ್ ವಿಟನ್ ಅಲ್ಲಿನ ಲೇಕ್ಸ್ ರೋಡ್ ಕ್ಲಬ್ ಅನ್ನೋ ಸೈಕಲ್ ಸಂಘದ ರೇಸಿಂಗ್ ಸೆಕ್ರೆಟರಿ. ಇಂಥವರು ಪ್ರತಿ ಊರಿನ ಸಂಘದಲ್ಲೂ ಒಬ್ಬರು ಇರ್ತಾರೆ ಅಲ್ವಾ? ಫಾರಂ ತುಂಬೋದು, ಟೈಮ್ ಬರೆದುಕೊಳ್ಳೋದು, ಹೊಸಬರನ್ನ ಕರೆದುಕೊಂಡು ಬರೋದು. ಸಂಘ ನಡೆಯೋದೇ ಅವರಿಂದ, ಹೆಸರು ಮಾತ್ರ ಎಲ್ಲೂ ಬರಲ್ಲ. 1998ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 50 ವರ್ಷ. ಮರುವರ್ಷವೇ, 1999ರಲ್ಲಿ, ಗೆಳೆಯರು ಸೇರಿ ಅವರ ನೆನಪಿಗೆ ಈ ಸವಾರಿ ಶುರು ಮಾಡಿದರು. ಬಂದ ಹಣ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಮ್ಯಾಕ್‌ಮಿಲನ್ ಸಂಸ್ಥೆಗೆ ಹೋಯಿತು.

ಮೊದಲ ವರ್ಷಗಳಲ್ಲಿ ಕಾನಿಸ್ಟನ್ ಊರಿಂದ ಹೊರಡುತ್ತಿದ್ದರು, ಈಗ ಗ್ರಾಸ್‌ಮಿಯರ್‌ನಿಂದ. ಆ ಊರಿನ ಹೆಸರು ಕೇಳಿದ ಹಾಗಿದೆಯಾ? ವರ್ಡ್ಸ್‌ವರ್ತ್ ಬಾಳಿದ ಊರು. 1799ರಿಂದ 1808ರವರೆಗೆ ಡವ್ ಕಾಟೇಜ್‌ನಲ್ಲಿದ್ದರು. ಸಮಾಧಿಯೂ ಅಲ್ಲೇ, ಚರ್ಚಿನ ಅಂಗಳದಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ಆ ಡ್ಯಾಫೊಡಿಲ್ ಹೂವಿನ ಪದ್ಯ ಇದೆಯಲ್ಲ, ಆ ಹೂಗಳನ್ನ ಅವರೂ ತಂಗಿ ಡೊರೊಥಿಯೂ ಕಂಡದ್ದು 1802ರ ಏಪ್ರಿಲ್ 15ರಂದು, ಅಲ್ಸ್‌ವಾಟರ್ ಕೆರೆಯ ದಂಡೆಯಲ್ಲಿ. ಫ್ರೆಡ್ ಸವಾರಿ ಆ ದಂಡೆಯ ಮೇಲೇ ಹಾದು ಹೋಗುತ್ತೆ. ಮೇ ಹೊತ್ತಿಗೆ ಹೂವು ಮುಗಿದಿರುತ್ತೆ ಅನ್ನೋದು ಬೇರೆ ಮಾತು. ಇದ್ದರೂ ಹ್ಯಾಂಡಲ್ ಮೇಲೆ ತಲೆ ಬಗ್ಗಿಸಿರೋವರಿಗೆ ಕಾಣಬೇಕಲ್ಲ!

ಇನ್ನೊಂದು ವಿಷಯ ಪದ್ಯದ ಪುಸ್ತಕದಲ್ಲಿ ಇರಲಿಲ್ಲ. 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರ್‌ಗೆ ರೈಲು ತರ್ತೀವಿ ಅಂದಾಗ ಇದೇ ವರ್ಡ್ಸ್‌ವರ್ತ್ ಪತ್ರಿಕೆಗೆ ಪತ್ರ ಬರೆದು ವಿರೋಧಿಸಿದರು. ಕಾರ್ಖಾನೆ ಊರಿನ ಜನ ಒಂದೇ ಸಲ ಗುಂಪುಗುಂಪಾಗಿ ಬಂದಿಳಿದರೆ ಈ ಬೆಟ್ಟಗಳ ಸೊಬಗು ಕೆಡುತ್ತೆ, ಅದನ್ನ ಸವಿಯೋಕೆ ತಯಾರಿ ಬೇಕು ಅನ್ನೋದು ಅವರ ವಾದ. ರೈಲು 1847ರಲ್ಲಿ ಬಂದೇ ಬಂತು. ಕವಿಯ ಮೇಲೆ ಗೌರವ ಇದೆ, ಆದರೆ ಈ ವಾದ ನನಗೆ ಒಪ್ಪಿಗೆಯಿಲ್ಲ. ಬೆಟ್ಟಕ್ಕೆ ಯಾರು ತಕ್ಕವರು, ಯಾರು ಅಲ್ಲ ಅಂತ ಗೆರೆ ಎಳೆಯೋ ಚಾಳಿ ನೂಕಿಕೊಂಡು ಹೋಗೋರ ಕಡೆ ನೋಡೋ ನೋಟದಲ್ಲಿ ಇವತ್ತಿಗೂ ಇದೆ.

ದಾರಿಕಥೆ | 3/7

ದಾರಿಯಲ್ಲಿ ಹಾರ್ಡ್‌ನಾಟ್ ಒಂದೇ ಅಲ್ಲ. ಮೊದಲು ಕರ್ಕ್‌ಸ್ಟೋನ್, 454 ಮೀಟರ್. ಇಡೀ ಸುತ್ತಿನಲ್ಲಿ ಇದೇ ಅತಿ ಎತ್ತರ, ಆದರೆ ಉದ್ದಕ್ಕೆ ಹಂಚಿಕೊಂಡಿರೋದರಿಂದ ಅಷ್ಟು ನೋಯಿಸಲ್ಲ. (ಇದೇ ಘಾಟಿಗೆ ಆಂಬಲ್‌ಸೈಡ್ ಕಡೆಯಿಂದ ನೇರವಾಗಿ ಹತ್ತುವ ಇನ್ನೊಂದು ದಾರಿ ಇದೆ. ಅದರ ಹೆಸರೇ ‘ಹೆಣಗಾಟ’ ಅನ್ನೋ ಅರ್ಥದ ಇಂಗ್ಲಿಷ್ ಪದ. ಸವಾರಿ ಆ ಕಡೆ ಹೋಗಲ್ಲ, ಪುಣ್ಯ.)

ಆಮೇಲೆ ಹಾನಿಸ್ಟರ್, 356 ಮೀಟರ್, ಕೆಲವು ಕಡೆ 25%. ಮೂರನೇ ಫೋಟೋ ಇದರದು. ಬೆಟ್ಟದ ಪಕ್ಕೆಯಲ್ಲಿ ಗೀರಿದ ಹಾಗೆ ಕಾಣೋದೆಲ್ಲ ಸ್ಲೇಟ್ ಕಲ್ಲಿನ ಗಣಿ. ಹಸಿರು ಛಾಯೆಯ, ಮನೆ ಮಾಡಿಗೆ ಹೊದಿಸುವ ಕಲ್ಲು. ಹಿಂದೆ ಅದನ್ನ ಕೆಳಗೆ ತರುತ್ತಿದ್ದ ರೀತಿ ಕೇಳಿದರೆ ಮೈ ಜುಮ್ ಅನ್ನುತ್ತೆ. ಎರಡು ಹಿಡಿಕೆಯ ಮರದ ಜಾರುಬಂಡಿಗೆ ಕಲ್ಲು ಹೇರಿ, ಒಬ್ಬ ಮನುಷ್ಯ ಅದರ ಮುಂದೆ ನಿಂತು, ಕಡಿದಾದ ಕಲ್ಲುರಾಶಿಯ ಮೇಲೆ ಓಡುತ್ತಾ ಇಳಿಯಬೇಕು. ಹಿಂದಿನಿಂದ ಹೊರೆ ಅಟ್ಟಿಸಿಕೊಂಡು ಬರ್ತಾ ಇರುತ್ತೆ. ಎಡವಿದರೆ ಮುಗೀತು. ಕೆಳಗೆ ಮುಟ್ಟಿದ ಮೇಲೆ ಖಾಲಿ ಜಾರುಬಂಡಿಯನ್ನ ಹೆಗಲ ಮೇಲೆ ಹೊತ್ತು ಮತ್ತೆ ಮೇಲೆ ಹತ್ತಬೇಕು, ದಿನಕ್ಕೆ ಹಲವು ಸಲ. ಹಾನಿಸ್ಟರ್‌ನಿಂದ ಹೊರಡುವ ಒಂದು ಹಳೇ ಹೇರುಕುದುರೆ ದಾರಿಗೆ ಇವತ್ತಿಗೂ ‘ಮೋಸೆಸ್‌ನ ಜಾಡು’ ಅಂತಲೇ ಹೆಸರು. ಮೋಸೆಸ್ ಅನ್ನೋ ಕಲ್ಲುಗಣಿಯವ ಸ್ಲೇಟಿನ ಜೊತೆ ಕಳ್ಳ ವಿಸ್ಕಿಯನ್ನೂ ಸಾಗಿಸುತ್ತಿದ್ದ ಅಂತ ಜನ ಹೇಳೋ ಕಥೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ.

ನ್ಯೂಲ್ಯಾಂಡ್ಸ್, ವಿನ್‌ಲ್ಯಾಟರ್ ಬೇಗ ದಾಟಿಬಿಡೋಣ. ಆಮೇಲೆ ಪಶ್ಚಿಮಕ್ಕೆ ಕೋಲ್ಡ್ ಫೆಲ್ ಅನ್ನೋ ಬೋಳುಗುಡ್ಡ. ಅಲ್ಲಿಂದ ಒಮ್ಮೆಗೇ ಸಮುದ್ರ ಕಾಣುತ್ತೆ, ಸಮುದ್ರದ ಮುಂದೆ ಸೆಲ್ಲಾಫೀಲ್ಡ್ ಅಣುಸ್ಥಾವರ. 1956ರಲ್ಲಿ ರಾಣಿ ಎಲಿಜಬೆತ್ ಉದ್ಘಾಟಿಸಿದ ಕಾಲ್ಡರ್ ಹಾಲ್ ಇಲ್ಲೇ ಇದ್ದದ್ದು. ದೊಡ್ಡ ಪ್ರಮಾಣದಲ್ಲಿ ಅಣುವಿನಿಂದ ವಿದ್ಯುತ್ ತಯಾರಿಸಿ ಊರಿಗೆ ಹಂಚಿದ್ದರಲ್ಲಿ ಜಗತ್ತಿಗೇ ಮೊದಲು. ಅದರ ಪಕ್ಕದ ಊರು ಹಾದು ಮತ್ತೆ ಪೂರ್ವಕ್ಕೆ ತಿರುಗಿ ಎಸ್ಕ್‌ಡೇಲ್ ಕಣಿವೆಗೆ ಬಂದರೆ ಎದುರಿಗೆ ಹಾರ್ಡ್‌ನಾಟ್.

ದಾರಿಕಥೆ | 4/7

ಈಗ ಮುಖ್ಯ ಪ್ರಶ್ನೆ. ಇಷ್ಟು ಚಿಕ್ಕ ಬೆಟ್ಟದ ರಸ್ತೆ ಇಷ್ಟು ಕಡಿದು ಯಾಕೆ?

ಆಲ್ಪ್ಸ್ ಪರ್ವತದಲ್ಲಿ ಸ್ಟೆಲ್ವಿಯೊ ಅಂತ ಘಾಟಿ ಇದೆ, 2757 ಮೀಟರ್. 1820ರಿಂದ 1825ರ ನಡುವೆ ಆಸ್ಟ್ರಿಯಾದ ಸಾಮ್ರಾಜ್ಯಕ್ಕಾಗಿ ಕಾರ್ಲೊ ಡೊನೆಗಾನಿ ಅನ್ನೋ ಎಂಜಿನಿಯರ್ ಕಟ್ಟಿಸಿದ್ದು. ಒಂದೇ ಪಕ್ಕದಲ್ಲಿ 48 ಹೇರ್‌ಪಿನ್ ತಿರುವು. ಆದರೂ ಸರಾಸರಿ ಇಳಿಜಾರು 7–8% ಅಷ್ಟೇ. ಯಾಕಂದ್ರೆ ಅದು ಗಾಡಿಗಾಗಿ ಕಟ್ಟಿದ ರಸ್ತೆ. ಕುದುರೆ ಗಾಡಿ ಎಳೆಯಬೇಕು, ಇಳಿಯುವಾಗ ಗಾಡಿ ಕುದುರೆಯ ಮೇಲೆ ಬೀಳಬಾರದು. ಅದಕ್ಕೇ ಎಂಜಿನಿಯರ್ ಬೆಟ್ಟವನ್ನ ಉದ್ದಕ್ಕೆ ಬಿಚ್ಚಿ ಹಾಸಿದ.

ಹಾರ್ಡ್‌ನಾಟ್‌ಗೆ ಅಂಥ ಎಂಜಿನಿಯರ್ ಯಾರೂ ಸಿಗಲಿಲ್ಲ. ಅದು ಕಾಲಿಗಾಗಿ ಆದ ದಾರಿ.

ನಾಲ್ಕನೇ ಫೋಟೋದಲ್ಲಿ ಏರಿನ ಅರ್ಧದಲ್ಲಿ ಚೌಕಾಕಾರದ ಮೋಟುಗೋಡೆ ಕಾಣ್ತಿದೆಯಲ್ಲ, ಅದು ರೋಮನ್ನರ ಕೋಟೆ, ಮೀಡಿಯೊಬಾಗ್ಡಮ್. ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಕ್ರಿ.ಶ. 120 ಮತ್ತು 138ರ ನಡುವೆ ಕಟ್ಟಿದ್ದು. ಕಡಲತಡಿಯ ರೇವನ್‌ಗ್ಲಾಸ್‌ನಿಂದ ಒಳನಾಡಿನ ಆಂಬಲ್‌ಸೈಡ್‌ಗೆ ಹೋಗುವ ಸೇನಾ ದಾರಿಯನ್ನ ಕಾಯೋದು ಇದರ ಕೆಲಸ. ಇಲ್ಲಿ ಸಿಕ್ಕ ಶಾಸನದ ತುಂಡಿನಿಂದ ಗೊತ್ತಾಗೋದು ಏನಂದ್ರೆ, ಕಾವಲಿಗಿದ್ದವರು ಡಾಲ್ಮೇಷಿಯನ್ನರ ನಾಲ್ಕನೇ ದಳ. ಡಾಲ್ಮೇಷಿಯಾ ಅಂದ್ರೆ ಇವತ್ತಿನ ಕ್ರೊಯೇಷಿಯಾದ ಕರಾವಳಿ. ಬಿಸಿಲು, ಆಲಿವ್ ಮರ, ನೀಲಿ ಸಮುದ್ರದ ನಾಡಿನ ದಳವನ್ನ ತಂದು ಈ ಮಳೆ, ಮಂಜು, ಗಾಳಿಯಲ್ಲಿ ನಿಲ್ಲಿಸಿದರು. ಕೋಟೆಯ ಹೊರಗೆ ಸ್ನಾನದ ಮನೆಯ ಪಾಯ ಇನ್ನೂ ಇದೆ. ಬಿಸಿನೀರಿನ ಮನೆಯನ್ನೇ ಮರೆಯದೆ ಕಟ್ಟಿಕೊಂಡಿದ್ದಾರೆ ನೋಡಿ, ಪಾಪ.

ಇವತ್ತಿನ ಟಾರು ರಸ್ತೆಯ ಪ್ರತಿ ತಿರುವೂ ರೋಮನ್ ದಾರಿಯ ಮೇಲೇ ಇದೆ ಅಂತಲ್ಲ. ಆದರೆ ಅದೇ ಕಣಿವೆ, ದಾಟುವ ಕಿಂಡಿ ಅದೇ. ರೋಮನ್ನರು ಹೋದ ಮೇಲೆ ನಾರ್ಸ್ ಜನ ಬಂದರು. ಹಾರ್ಡ್‌ನಾಟ್ ಅನ್ನೋ ಹೆಸರು ಅವರ ಭಾಷೆಯದೇ, ಗಟ್ಟಿ ಕೋಡುಗಲ್ಲು ಅನ್ನೋ ಅರ್ಥ. ಆಮೇಲೆ ನೂರಾರು ವರ್ಷ ಹೇರುಕುದುರೆಗಳು. ನಮ್ಮ ಘಟ್ಟದಲ್ಲಿ ಹೇರೆತ್ತುಗಳು ಉಪ್ಪು, ಅಡಿಕೆ ಹೊತ್ತು ಹತ್ತಿಳಿದ ಹಾಗೇ ಅಲ್ಲಿ ಕುದುರೆಗಳು. ಬೆನ್ನ ಮೇಲೆ ಹೊರೆ ಇದ್ದ ಪ್ರಾಣಿಗೆ ಸುತ್ತು ದಾರಿ ಬೇಡ. ಕಾಲಿಗೆ ಹಿಡಿತ ಸಿಕ್ಕರೆ ಸಾಕು, ನೇರ ಹತ್ತುತ್ತೆ. ಪಕ್ಕದಲ್ಲಿ ಮನುಷ್ಯ ನಡೀತಾನೆ.

ಅಂದ್ರೆ ಸುಮಾರು 1800 ವರ್ಷ ಈ ಏರನ್ನ ಹೆಚ್ಚಿನವರು ನಡೆದೇ ಹತ್ತಿದ್ದು.

ದಾರಿಕಥೆ | 5/7

ಹಾಗಾದರೆ ಬೆಟ್ಟವನ್ನ ಸೀಟಿನ ಮೇಲೆ ಕೂತೇ ಗೆಲ್ಲಬೇಕು ಅನ್ನೋ ಹುಚ್ಚು ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ ಅದಕ್ಕೊಂದು ವರ್ಷ ಹೇಳಬಹುದು: 1887. ಲಂಡನ್ನಿನ ಕ್ಯಾಟ್‌ಫರ್ಡ್ ಸೈಕಲ್ ಸಂಘ ಆ ವರ್ಷ ವೆಸ್ಟರ್‌ಹ್ಯಾಮ್ ಅನ್ನೋ ಗುಡ್ಡದ ಮೇಲೆ ಏರುಸ್ಪರ್ಧೆ ನಡೆಸಿತು. ಆ ಸ್ಪರ್ಧೆ ಬೇರೆ ಗುಡ್ಡಕ್ಕೆ ಹೋಗಿ ಇವತ್ತಿಗೂ ನಡೀತಿದೆ. ಎರಡು ಸಮ ಗಾಲಿಯ, ಚೈನಿನ ಸೈಕಲ್ ಮಾರುಕಟ್ಟೆಗೆ ಬಂದು ಆಗ ಎರಡೇ ವರ್ಷ ಆಗಿತ್ತು. ಆ ದಿನಗಳಲ್ಲಿ ಪ್ರಶ್ನೆ ‘ಎಷ್ಟು ನಿಮಿಷ’ ಅನ್ನೋದಕ್ಕಿಂತ ‘ಇಳಿಯದೆ ಹತ್ತೋಕೆ ಆಗುತ್ತಾ’ ಅನ್ನೋದೇ. ಅಲ್ಲಿಂದ ಇಳಿಯೋದು ಅಂದ್ರೆ ಸೋಲು ಅಂತ ಆಯ್ತು ಅನ್ನೋದು ನನ್ನ ಊಹೆ.

ಆದರೆ ಊರೂರು ಸುತ್ತುವ ಸಾಮಾನ್ಯ ಸವಾರ ಹಾಗೆ ಯೋಚಿಸುತ್ತಿರಲಿಲ್ಲ. 1911ರಲ್ಲಿ ಸೈಕಲ್ ಪ್ರವಾಸಿಗರ ಸಂಘ ತಂದ ಕೈಪಿಡಿಯಲ್ಲಿ ಹಾರ್ಡ್‌ನಾಟ್ ಬಗ್ಗೆ ಒಂದು ಎಚ್ಚರಿಕೆ ಇದೆ: ಪಶ್ಚಿಮಕ್ಕೆ ಹೋಗೋದು ಕಷ್ಟ, ಪೂರ್ವಕ್ಕೆ ಬರೋದಂತೂ ಕ್ರೂರ. ಅದು ಮಾಹಿತಿ ಅಷ್ಟೇ, ಸವಾಲಲ್ಲ. ಇಷ್ಟು ಹೊತ್ತು ಇಳಿದು ನಡೆಯಬೇಕಾಗುತ್ತೆ, ಲೆಕ್ಕ ಇಟ್ಟುಕೊಳ್ಳಿ ಅಂತ. ಈಗ ತಮಾಷೆ ನೋಡಿ: ಫ್ರೆಡ್ ಸವಾರಿ ಎಸ್ಕ್‌ಡೇಲ್‌ನಿಂದ ಹತ್ತೋದು, ಅಂದ್ರೆ ಪಶ್ಚಿಮದಿಂದ ಪೂರ್ವಕ್ಕೆ. ಕೈಪಿಡಿ ಕ್ರೂರ ಅಂದ ದಿಕ್ಕಿನಲ್ಲೇ!

ಮೊದಲ ಮೋಟಾರು ಗಾಡಿ ಈ ಕಡೆಯಿಂದ ಘಾಟಿ ದಾಟಿದ್ದು 1913ರಲ್ಲಿ. ಆಮೇಲೆ ಎರಡನೇ ಮಹಾಯುದ್ಧ. ಸೈನ್ಯ ಈ ಬೆಟ್ಟದಲ್ಲಿ ಟ್ಯಾಂಕ್ ತರಬೇತಿ ನಡೆಸಿತು. ಟ್ಯಾಂಕಿನ ಪಟ್ಟಿಗೆ ಸಿಕ್ಕಿ ಇದ್ದ ದಾರಿ ಪೂರ್ತಿ ಕಿತ್ತುಹೋಯಿತು. ಯುದ್ಧ ಮುಗಿದ ಮೇಲೆ ಸರಿ ಮಾಡಬೇಕಾ, ಹಾಗೇ ಬಿಡಬೇಕಾ ಅಂತ ಚರ್ಚೆ ಆಗಿ, ಕೊನೆಗೆ ಟಾರು ಹಾಕಿದರು. ಹೊಸದಾಗಿ ಇಳಿಜಾರು ತಗ್ಗಿಸೋ ಗೋಜಿಗೆ ಯಾರೂ ಹೋಗಲಿಲ್ಲ, ಕಾಲುದಾರಿಯ ಕಡಿದಿನ ಮೇಲೇ ಟಾರು ಬಿತ್ತು. ಈಗ ಸವಾರರು ಬೈದುಕೊಂಡು ಹತ್ತೋ ರಸ್ತೆ ಹುಟ್ಟಿದ್ದು ಹೀಗೆ. ರೋಮನ್ನರು, ಕುದುರೆ, ಟ್ಯಾಂಕು, ಈ ಮೂವರಲ್ಲಿ ಸೈಕಲ್ ಸವಾರನ ಬಗ್ಗೆ ಯೋಚಿಸಿದವರು ಒಬ್ಬರೂ ಇಲ್ಲ.

ದಾರಿಕಥೆ | 6/7

ಇದು ಲೆಕ್ಕದ ಪೋಸ್ಟ್. ಬೇಜಾರು ಮಾಡ್ಕೋಬೇಡಿ, ಚಿಕ್ಕದೇ ಇದೆ.

ಅಪ್ಪನ ಕಾಲದ ಅಟ್ಲಾಸ್ ಸೈಕಲ್ ನೆನಪಿದೆಯಾ? ಪೆಡಲ್ ಒಂದು ಸುತ್ತು ತಿರುಗಿಸಿದರೆ ಅದು 5 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗುತ್ತೆ. ಸಮತಟ್ಟಿನಲ್ಲಿ ಅದೇ ಸುಖ. 30% ಏರಿನಲ್ಲಿ ಮನುಷ್ಯ ಹೋಗೋದು ಗಂಟೆಗೆ ಹೆಚ್ಚೆಂದರೆ 5 ಕಿಮೀ. ಆ ವೇಗಕ್ಕೆ ಅಟ್ಲಾಸ್ ಪೆಡಲನ್ನ ನಿಮಿಷಕ್ಕೆ ಬರೀ 15 ಸುತ್ತು ತಿರುಗಿಸಬೇಕು, ಒಂದೊಂದು ಸುತ್ತಿಗೂ ಬೆಟ್ಟವನ್ನೇ ಎತ್ತಿದ ಹಾಗೆ ತುಳೀಬೇಕು. ಆಗದ ಮಾತು. 1999ರ ಸುಮಾರಿನ ರೇಸ್ ಸೈಕಲ್‌ನಲ್ಲಿ ಸಾಮಾನ್ಯವಾಗಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 39 ಹಲ್ಲು. ಹಿಂದೆ 23 ಹಲ್ಲಿನದು ಇದ್ದರೆ ಒಂದು ಸುತ್ತಿಗೆ ಮೂರೂವರೆ ಮೀಟರ್, ನಿಮಿಷಕ್ಕೆ 23 ಸುತ್ತು. ಮೊಣಕಾಲು ಕೂಗಿಕೊಳ್ಳುತ್ತೆ. ಈಗ ಮುಂದೆ 34, ಹಿಂದೆ 34 ಹಾಕಿಸಿಕೊಂಡರೆ ಸುತ್ತಿಗೆ ಸುಮಾರು 2.1 ಮೀಟರ್, ನಿಮಿಷಕ್ಕೆ 40 ಸುತ್ತು. ಇದು ಮನುಷ್ಯರು ಮಾಡಬಹುದಾದ ಕೆಲಸ.

ಈ ಗಿಯರ್‌ಗೂ ಒಂದು ಕಾಲದಲ್ಲಿ ನಾಚಿಕೆ ಅಂಟಿಸಿದ್ದರು. ಫ್ರಾನ್ಸಿನಲ್ಲಿ ಪಾಲ್ ದ ವಿವಿ ಅನ್ನೋ ಪತ್ರಿಕೆಯವರು ಬೆಟ್ಟದ ಸವಾರಿಗೆ ಗಿಯರ್ ಬೇಕೇಬೇಕು ಅಂತ ವರ್ಷಗಟ್ಟಲೆ ವಾದಿಸಿದರು. ಟೂರ್ ದ ಫ್ರಾನ್ಸ್ ಹುಟ್ಟುಹಾಕಿದ ಆಂರಿ ದೆಗ್ರಾಂಜ್ ಮಾತ್ರ ಒಪ್ಪಲಿಲ್ಲ. ಅದೆಲ್ಲ 45 ದಾಟಿದವರಿಗೆ, ಗೆಲ್ಲಬೇಕಾದ್ದು ಮಾಂಸಖಂಡದಿಂದ, ಯಂತ್ರದಿಂದಲ್ಲ ಅನ್ನೋ ಧಾಟಿ ಆತನದು. ಆಲ್ಪ್ಸ್, ಪಿರನೀಸ್ ಪರ್ವತಗಳನ್ನೆಲ್ಲ ಹತ್ತಿಸಿದ ಆ ರೇಸಿನಲ್ಲಿ ಚೈನು ಬದಲಿಸುವ ಗಿಯರ್‌ಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ! ಇವತ್ತು ಹಿಂದಿನ ಚಕ್ರಕ್ಕೆ ದೊಡ್ಡ ಹಲ್ಲುಚಕ್ರ ಹಾಕಿಸಿದರೆ ಯಾರೂ ನಗಲ್ಲ, ನಾಚಿಕೆ ಬೇರೆ ಕಡೆ ಹೋಗಿ ಕೂತಿದೆ ಅಷ್ಟೇ.

ಇನ್ನೊಂದೇ ಲೆಕ್ಕ. ಎಸ್ಕ್‌ಡೇಲ್ ಬುಡದಿಂದ ಹಾರ್ಡ್‌ನಾಟ್ ತುದಿಗೆ ಏರು ಸುಮಾರು 300 ಮೀಟರ್, ದೂರ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ನೀವು 75 ಕೆಜಿ, ಸೈಕಲ್ 9 ಕೆಜಿ ಅಂದುಕೊಳ್ಳಿ. ಆ 84 ಕೆಜಿಯನ್ನ 300 ಮೀಟರ್ ಎತ್ತೋದಕ್ಕೆ ಬೇಕಾದ ಕೆಲಸ ಕೂತು ತುಳಿದರೂ ಅಷ್ಟೇ, ಇಳಿದು ನೂಕಿದರೂ ಅಷ್ಟೇ. 30% ಜಾಗದಲ್ಲಿ ಗಂಟೆಗೆ 5 ಕಿಮೀನಂತೆ ತುಳಿಯೋಕೆ ಸುಮಾರು 330 ವ್ಯಾಟ್ ಬೇಕು. ಗಂಟೆಗೆ 3 ಕಿಮೀನಂತೆ ನೂಕಿಕೊಂಡು ನಡೆಯೋಕೆ ಸುಮಾರು 200. ನೂಕುವವ ಅದೇ ಸಾಲವನ್ನ ನಿಧಾನವಾಗಿ ತೀರಿಸ್ತಾನೆ. ಬೆಟ್ಟ ಯಾರಿಗೂ ಬಡ್ಡಿ ಮನ್ನಾ ಮಾಡಿಲ್ಲ.

ದಾರಿಕಥೆ | 7/7

ಹಾಗಂತ ತುಳಿದು ಹತ್ತೋರಿಗೆ ಏನೂ ಹೇಳಲ್ಲ ಅಂತಲ್ಲ. ಫೋಟೋ 7ರಲ್ಲಿ ಕಾಣ್ತಿರೋದು ಏರಿನ ಬುಡದ ಕಬ್ಬಿಣದ ಸರಳುಪಟ್ಟಿ, ಕುರಿ ದಾಟಬಾರದು ಅಂತ ರಸ್ತೆಗೆ ಅಡ್ಡ ಹಾಕಿರೋದು. ಅದು ದಾಟಿದ ತಕ್ಷಣ ಶುರು. ಚಿಕ್ಕ ಗಿಯರ್‌ಗೆ ಅಲ್ಲಿಗೆ ಮೊದಲೇ ಬಂದಿರಬೇಕು. ಭಾರ ಬಿದ್ದ ಮೇಲೆ ಬದಲಿಸೋಕೆ ಹೋದರೆ ಚೈನು ಕಚ್ಚಿಕೊಳ್ಳುತ್ತೆ, ಇಲ್ಲಾ ಬೀಳುತ್ತೆ. ಕೂತೇ ತುಳಿದರೆ ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತೆ, ಎದ್ದು ನಿಂತರೆ ಹಿಂದಿನ ಗಾಲಿ ಒದ್ದೆ ಟಾರಿನ ಮೇಲೆ ಜಾರುತ್ತೆ. ಸೀಟಿನ ತುದಿಗೆ ಬಂದು, ಎದೆಯನ್ನ ಹ್ಯಾಂಡಲ್ ಕಡೆ ಬಗ್ಗಿಸಿ, ಎರಡರ ನಡುವೆ ತೂಗಿಕೊಂಡು ಹೋಗಬೇಕು. ಹೇರ್‌ಪಿನ್‌ನಲ್ಲಿ ಒಳ ಅಂಚು ಗೋಡೆಯ ಹಾಗಿರುತ್ತೆ, ಎದುರು ವಾಹನ ಇಲ್ಲದಿದ್ದರೆ ಹೊರ ಅಂಚಿನಲ್ಲಿ ತಿರುಗಬೇಕು. ನಡುವೆ, ಕೋಟೆ ಇರುವ ಕಡೆ, ಏರು ಸ್ವಲ್ಪ ಸಡಿಲ. ಅಲ್ಲಿ ಮುಗೀತು ಅಂದುಕೊಂಡು ಜೋರು ಮಾಡಿದವರನ್ನ ಕೊನೆಯ ತಿರುವುಗಳು ಹಿಡಿದು ಹಾಕ್ತವೆ.

ಅಲ್ಲೇ ಜನ ಇಳಿಯೋದು. 160 ಕಿಲೋಮೀಟರ್ ಆದ ಮೇಲೆ, ಗಟ್ಟಿಮುಟ್ಟಾದವರೂ ಇಳೀತಾರೆ. ಸೈಕಲ್ ಬೂಟಿನ ಅಡಿಯ ಕ್ಲೀಟ್ ಟಾರಿನ ಮೇಲೆ ಟಕ್ ಟಕ್ ಅಂತ ಜಾರ್ತಾ, ಬೆನ್ನು ಬಗ್ಗಿಸಿ ನೂಕ್ತಾರೆ. ಎಡಕ್ಕೆ ಕೆಳಗೆ ಡಾಲ್ಮೇಷಿಯನ್ನರ ಕೋಟೆ.

ತುದಿ ಮುಟ್ಟಿದ ಮೇಲೂ ಕೆಲಸ ಇದೆ. ಆ ಕಡೆಯ ಇಳಿತ ಇನ್ನೂ ಹುಷಾರಿಂದ ಮಾಡಬೇಕಾದ್ದು. ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿರುತ್ತೆ, ತಿರುವು ಕುರುಡು, ಕುರಿಗೆ ಯಾವ ನಿಯಮವೂ ಇಲ್ಲ. ಮಳೆಯಿದ್ದರೆ ಇಳಿಯುವಾಗಲೂ ಇಳಿದು ನಡೆಯಿರಿ ಅಂತ ನಾನಂತೂ ಹೇಳ್ತೀನಿ. ಆಮೇಲೆ ರೈನೋಸ್, ಅದೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಅದನ್ನ ದಾಟಿದರೆ ಲಿಟಲ್ ಲ್ಯಾಂಗ್‌ಡೇಲ್ ಮೇಲೆ ಹಾದು ಗ್ರಾಸ್‌ಮಿಯರ್.

ಇದು ರೇಸ್ ಅಲ್ಲ. ಸಮಯ ಬರೆದುಕೊಳ್ತಾರೆ, ಆದರೆ ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತ ಇಲ್ಲ. ಗೆಳೆಯನೊಬ್ಬ 50ಕ್ಕೇ ಹೋಗಿಬಿಟ್ಟ, ಅವನು ತುಳಿದ ಬೆಟ್ಟಗಳನ್ನ ನಾವೊಂದು ಸುತ್ತು ಹಾಕೋಣ ಅಂತ ಶುರುವಾದದ್ದು. ಆ ಸುತ್ತು ಮುಗಿಸಿದವರ ಹೆಸರಿನ ಮುಂದೆ ಬರೋದು ಸಮಯ ಮಾತ್ರ. ಎಷ್ಟು ದೂರ ನೂಕಿದರು ಅನ್ನೋದಕ್ಕೆ ಅಲ್ಲಿ ಜಾಗವೇ ಇಲ್ಲ.

ಮೆಸೇಜ್ ಮಾಡಿದ್ದವರಿಗೆ: ನಂದಿಯ ಆ ಕೊನೇ ಕಿಲೋಮೀಟರ್‌ನಲ್ಲಿ ನಿಮ್ಮ ಮುಂದಿನ ಹಲ್ಲುಚಕ್ರಕ್ಕೆ ಎಷ್ಟು ಹಲ್ಲಿತ್ತು, ಹಿಂದೆ ಎಷ್ಟು? ಎಣಿಸಿ ಕಳಿಸಿ. ಲೆಕ್ಕ ಹಾಕಿ ಹೇಳ್ತೀನಿ.